ಇಲ್ಲದ ಕಾಮಾಲೆಯ ವರ್ಷ

ಹೋದ ತಿಂಗಳು ಬೆಂಗಳೂರಿನಲ್ಲಿ ತರಬೇತಿ ಮುಗಿಸಿಕೊಂಡು ಊರಿಗೆ ಹೊರಟವಳು ಬಸ್ಸಿನ ಬದಲು ರೈಲು ಹತ್ತಿ, ಯಾಕೋ ಮಾಲೂರಿನಲ್ಲಿ ಇಳಿದುಬಿಟ್ಟೆ. ಸಂಜೆಯಾಗಿತ್ತು. ಪ್ಲಾಟ್‌ಫಾರ್ಮಿನ ಆಚೆಯಿಂದ ಇಟ್ಟಿಗೆ ಗೂಡಿನ ಹೊಗೆಯ ವಾಸನೆ ಬಂತು, ಸುಟ್ಟ ಮಣ್ಣಿನ ಒಣ ವಾಸನೆ. ಹಳೆಯ ಊರಿನ ವಾಸನೆಗೆ ಕಣ್ಣು ತುಂಬಿ ಬರುವವರು ಇರುತ್ತಾರೆ. ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಅದು ಆರಿಲ್ಲ ಎಂದು ಗೊತ್ತಾಗಿ ನನಗೇ ಆಶ್ಚರ್ಯವಾಯಿತು. ಆ ಊರಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಒಂದು ವರ್ಷ ಇದ್ದೆವು. ನನ್ನ ಗಂಡ ಚಲಪತಿ ಡಾಕ್ಟರಿ ಓದನ್ನು ಮಧ್ಯದಲ್ಲಿ ನಿಲ್ಲಿಸಿ ನನಗಾಗಿ ಕಾದ ವರ್ಷ ಅದು.

'ನನಗಾಗಿ ಕಾದ' ಎಂದು ನಾನೇ ಬರೆದೆ ನೋಡಿ. ಜನ ಹೇಳಿ ಹೇಳಿ ನನ್ನ ಕೈಗೂ ಅದೇ ಮಾತು ಬರುತ್ತದೆ.

ನನ್ನದು ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿ, ಮಾವಿನ ತೋಟದ ಮನೆ. ಚಲಪತಿಯ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಯಿಂದ ಸ್ವಲ್ಪ ಆಚೆ. ರಾಗಿ, ಟೊಮೆಟೊ, ರೇಷ್ಮೆ. ಇಬ್ಬರಿಗೂ ಒಂದೇ ವಯಸ್ಸು. ಅವನಿಗೆ ಮೊದಲ ಸಲಕ್ಕೇ ಮೆಡಿಕಲ್ ಸೀಟು ಸಿಕ್ಕಿತು. ನಾನು ಪ್ರವೇಶ ಪರೀಕ್ಷೆಯನ್ನು ಎರಡು ಸಲ ಬರೆಯಬೇಕಾಯಿತು. ಹಾಗಾಗಿ ಬೆಂಗಳೂರಿನ ಕಾಲೇಜಿಗೆ ನಾನು ಸೇರುವಾಗ ಅವನು ಒಂದು ವರ್ಷ ಮುಂದಿದ್ದ. ಕ್ಯಾಂಟೀನಿನಲ್ಲಿ ನಾನು ಯಾರಿಗೋ "ಟೀ ಬಿಸಿ ಐತಾ?" ಎಂದು ಕೇಳಿದ್ದಕ್ಕೆ ಮುಂದೆ ನಿಂತಿದ್ದವನು ತಿರುಗಿ, "ಯಾವೂರಮ್ಮ, ಕೋಲಾರದ ಕಡೆನಾ?" ಎಂದ. ಅಲ್ಲಿಂದ ಶುರುವಾದದ್ದು ಎರಡು ವರ್ಷದ ಮೇಲೆ ಕುರುಡುಮಲೆಯ ಗಣಪತಿ ದೇವಸ್ಥಾನದಲ್ಲಿ ಮದುವೆಗೆ ಬಂದು ನಿಂತಿತು. ಎರಡೂ ಮನೆಯವರು ಒಪ್ಪಿಯೇ ಮಾಡಿದ ಮದುವೆ. ಆಗ ನನ್ನ ಎರಡನೆಯ ವರ್ಷ ಮುಗಿದಿತ್ತು, ಅವನ ಮೂರನೆಯದು.

ಮದುವೆಯಾದ ಮೇಲೂ ಅವನು ಹುಡುಗರ ಹಾಸ್ಟೆಲು, ನಾನು ಹುಡುಗಿಯರ ಹಾಸ್ಟೆಲು. ಅದು ದೊಡ್ಡ ಸಂಗತಿಯಲ್ಲ. ಹೆದರಿಕೆ ಇದ್ದದ್ದು ಮುಂದಿನದಕ್ಕೆ. ಕೊನೆಯ ವರ್ಷ ಮುಗಿದರೆ ಇಂಟರ್ನ್‌ಶಿಪ್ಪು, ಅದಾದರೆ ಸರ್ಕಾರ ಹಾಕಿದ ಊರಲ್ಲಿ ಹಳ್ಳಿ ಸೇವೆ, ಆಮೇಲೆ ಮುಂದಿನ ಓದಿಗೆ ಸೀಟು ಎಲ್ಲಿ ಸಿಗುತ್ತದೋ ಅಲ್ಲಿ. ಒಬ್ಬರು ಒಂದು ವರ್ಷ ಹಿಂದೆ ಉಳಿದರೆ ಇಬ್ಬರೂ ಒಂದೇ ಊರಿನಲ್ಲಿ ಇರುವುದೇ ಇಲ್ಲ. ನಮ್ಮ ಸೀನಿಯರುಗಳಲ್ಲಿ ಅಂಥ ಗಂಡ ಹೆಂಡತಿಯರಿದ್ದರು. ಬೇರೆಯವರ ಮದುವೆಗಳಲ್ಲಿ ಭೇಟಿಯಾಗಿ, ಊಟ ಮಾಡಿ, ತಂತಮ್ಮ ಬಸ್ಸು ಹತ್ತುತ್ತಿದ್ದರು.

ರಜೆಗೆ ಊರಿಗೆ ಹೊರಟಾಗ ನಾವೂ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬೇರೆಯಾಗುತ್ತಿದ್ದೆವು, ಅವನು ಮುಳಬಾಗಿಲಿನ ಬಸ್ಸಿಗೆ, ನಾನು ಶ್ರೀನಿವಾಸಪುರದ ಬಸ್ಸಿಗೆ. ಅಲ್ಲೇ ಒಂದು ದಿನ ಕಡಲೆಕಾಯಿ ಬಿಡಿಸುತ್ತಾ ಅವನು ಹೇಳಿದ:

"ನಾನು ಒಂದು ವರ್ಷ ನಿಲ್ತೀನಿ ಕಣೇ."

"ಎಲ್ಲಿ?"

"ಓದೋದ್ರಲ್ಲಿ. ನೀನು ಥರ್ಡ್ ಇಯರ್ ಮುಗಿಸು. ಆಮೇಲೆ ಇಬ್ರೂ ಒಟ್ಟಿಗೆ ಫೈನಲ್ ಇಯರ್, ಒಟ್ಟಿಗೆ ಇಂಟರ್ನ್‌ಶಿಪ್. ಮುಂದಕ್ಕೆ ಏನು ಕೇಳಿದ್ರೂ ಜೊತೇಲಿ ಕೇಳಬಹುದು. ಫೈನಲ್ ಪಾಸಾಗಿಬಿಟ್ರೆ ಆಮೇಲೆ ಎಲ್ಲೂ ನಿಲ್ಲೋಕಾಗಲ್ಲ."

"ಹುಚ್ಚಾ ನಿಂಗೆ? ಜನ ಏನಂತಾರೆ?"

"ಹಿಂದೆ ಇರೋಳು ಒಂದು ವರ್ಷ ಹಾರೋಕಾಗಲ್ಲ. ಮುಂದೆ ಇರೋನು ನಿಲ್ಲಬಹುದು. ಲೆಕ್ಕ ಅಷ್ಟೇ ಅಲ್ವಾ?"

ನಿಜಕ್ಕೂ ಅಷ್ಟೇ ಇತ್ತು. ಅದರಲ್ಲಿ ತ್ಯಾಗವಿರಲಿಲ್ಲ, ಮಾಟಮಂತ್ರವಿರಲಿಲ್ಲ. ರಜೆಯುದ್ದಕ್ಕೂ ಫೋನಿನಲ್ಲಿ ವಾದ ಮಾಡಿ ಕೊನೆಗೆ ನಾನೂ ಒಪ್ಪಿದೆ. ಅವನು ಕಾಲೇಜಿನಿಂದ ಒಪ್ಪಿಗೆ ಪಡೆದ. ಕೋಲಾರದ ಒಂದು ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಕೆಲಸ ಹಿಡಿದ. ನನ್ನ ಕಾಲೇಜಿಗೂ ಅವನ ಕೆಲಸಕ್ಕೂ ನಡುವೆ ಬೀಳುತ್ತದೆಂದು ಮಾಲೂರಿನಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ನಾನು ಬೆಂಗಳೂರಿನ ರೈಲಿಗೆ ಓಡುತ್ತಿದ್ದೆ, ಅವನು ಕೋಲಾರದ ಬಸ್ಸಿಗೆ.

ಸಂಜೆ ಅವನೇ ಮೊದಲು ಮನೆ ಸೇರುತ್ತಿದ್ದುದರಿಂದ ಅಡುಗೆ ಅವನದು. ಬಸ್ಸಾರು, ಮುದ್ದೆ ಚೆನ್ನಾಗಿ ಮಾಡುತ್ತಿದ್ದ. ಮುದ್ದೆ ಗಂಟಾದ ದಿನ ನಾನು ಬಯ್ಯುತ್ತಿದ್ದೆ, ಅವನು ಗಂಟನ್ನೆಲ್ಲಾ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದ. ಅವನು ಬಟ್ಟೆ ಒಣಗಿಹಾಕುವುದನ್ನು ನೋಡಲಾಗದೆ ಮನೆಯ ಓನರಮ್ಮ ನನ್ನನ್ನು ಕರೆದು, "ನಿನ್ನ ಲಂಗ ಆದ್ರೂ ನೀನೇ ಒಣಗಾಕಮ್ಮ, ನೋಡೋರ ಕಣ್ಣಿಗೆ ಚೆನ್ನಾಗಿರಲ್ಲ" ಎಂದರು. ಅವನ ಅಂಗಿಗಳನ್ನು ನಾನು ಒಗೆದಾಗ ಯಾರ ಕಣ್ಣಿಗೂ ಏನೂ ಆಗಿರಲಿಲ್ಲ.

ಕಾಲೇಜಿನಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ಸರ್ಜರಿ ವಾರ್ಡಿನಲ್ಲಿ ರೌಂಡ್ಸ್ ಮುಗಿಸಿದ ಪ್ರೊಫೆಸರು, ರೋಗಿಗಳ ಎದುರಿನಲ್ಲೇ, ನನ್ನ ಬ್ಯಾಚಿನವರೆಲ್ಲ ನಿಂತಿರುವಾಗಲೇ ಹೇಳಿದರು: "ಒಳ್ಳೆ ಕೈ ಇತ್ತಮ್ಮ ಆ ಹುಡುಗಂದು. ಅವನ ಒಂದು ವರ್ಷ ತಿಂದುಬಿಟ್ಟೆಯಲ್ಲ." ಹಾಸಿಗೆಯಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನು ತಿಂದಳೋ ಎಂದುಕೊಂಡಿರಬೇಕು. ನಿರ್ಧಾರ ಮಾಡಿದವನು ಅವನು, ಅವನಿಗೆ ಇಪ್ಪತ್ತು ದಾಟಿತ್ತು, ತಲೆ ನೆಟ್ಟಗಿತ್ತು. ಆದರೂ ಅದನ್ನು ನಾನೇ ಮಾಡಿಸಿರಬೇಕು ಎಂಬುದರಲ್ಲಿ ಆ ಓದಿದ ಮನುಷ್ಯರಿಗೆ ಅನುಮಾನವೇ ಇರಲಿಲ್ಲ.

ನಮ್ಮತ್ತೆ ನಾರಾಯಣಮ್ಮನವರು ಇನ್ನೂ ಮುಂದೆ ಹೋದರು. ಮಾಲೂರಿಗೆ ಬಂದವರು ಚೀಲ ಕೆಳಗಿಡುವ ಮೊದಲೇ, ಏನಪ್ಪಾ ಇದು ಎಂದು ತಮ್ಮ ತೆಲುಗಿನಲ್ಲಿ ಅಳತೊಡಗಿದರು. "ಏಮಿರಾ ನಾಯನಾ ಇದಿ? ಊರೋರಿಗೆ ಏನಂತ ಹೇಳ್ಲಿ? ಡಾಕ್ಟ್ರು ಓದೋನು ಹೆಂಡ್ತಿಗೆ ಮುದ್ದೆ ತಿರುವ್ತಾವ್ನೆ ಅಂತ ಹೇಳ್ಲಾ?"

"ಇರೋದನ್ನ ಹೇಳಮ್ಮ. ಒಂದು ವರ್ಷ ನಿಂತಿದ್ದೀನಿ, ಆಮೇಲೆ ಓದ್ತೀನಿ ಅಂತ."

"ಅದನ್ನ ಯಾರು ನಂಬ್ತಾರೆ?"

ಅವರು ಊರಿಗೆ ಹೋಗಿ ನಂಬುವಂಥದ್ದನ್ನೇ ಹೇಳಿದರು. ಚಲಪತಿಗೆ ಕಾಮಾಲೆಯಾಗಿದೆ, ಡಾಕ್ಟರುಗಳು ಒಂದು ವರ್ಷ ಓದಬೇಡ ಎಂದಿದ್ದಾರೆ, ಎಂದು. ದೀಪಾವಳಿಯ ಹೊತ್ತಿಗೆ ಅವನ ಸೋದರಮಾವ ಬಸ್ಸಿನಲ್ಲಿ ನೆಲನೆಲ್ಲಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಮಾಲೂರಿಗೆ ಬಂದಿಳಿದರು. ಬಂದವರು ಕಾಫಿಯನ್ನೂ ಕುಡಿಯದೆ ಚಲಪತಿಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ಇನ್ನೂ ಹಳದಿ ಐತೆ" ಎಂದರು.

"ಮಾವ, ನಂಗೆ ಏನೂ ಆಗಿಲ್ಲ."

"ಕಾಮಾಲೆ ಬಂದೋರೆಲ್ಲಾ ಹಂಗೇ ಅನ್ನೋದು." ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ಉಪ್ಪು ಎಣ್ಣೆ ಹಾಕ್ತಾ ಇದೀಯಾ ಇವನಿಗೆ? ನೀನೂ ಡಾಕ್ಟ್ರು ಓದ್ತಿರೋಳು!" ಎಂದರು.

ಒಲೆಯ ಮೇಲೆ ಬಜ್ಜಿಯ ಎಣ್ಣೆ ಕಾಯುತ್ತಿತ್ತು. ಅವರು ಹಬ್ಬದ ಮೂರು ದಿನವೂ ಇದ್ದು, ಬೆಳಿಗ್ಗೆ ಎದ್ದ ತಕ್ಷಣ ಸೊಪ್ಪನ್ನು ಅರೆದು ಮೊಸರಿನಲ್ಲಿ ಕಲಸಿ ಚಲಪತಿಗೆ ತಾವೇ ಕುಡಿಸಿದರು. ಅವನು ಹಿರಿಯರೆಂದು ಕುಡಿದ. ನನಗೆ ನಗು ಬಂದದ್ದು ಮೊದಲ ದಿನ ಮಾತ್ರ. ಇಲ್ಲದ ರೋಗಕ್ಕೆ ಮದ್ದು ತರಲು ಇಡೀ ಬಳಗ ಸಿದ್ಧವಿತ್ತು. ಹೆಂಡತಿಯ ಜೊತೆ ಹೆಜ್ಜೆ ಸರಿಮಾಡಿಕೊಳ್ಳಲು ಗಂಡಸೊಬ್ಬ ನಿಂತಿದ್ದಾನೆ ಎಂಬುದನ್ನು ಕೇಳಿಸಿಕೊಳ್ಳಲು ಒಬ್ಬರೂ ಸಿದ್ಧರಿರಲಿಲ್ಲ. ಸೋದರಮಾವ ಹೋದ ಮೇಲೆ ಕಾಮಾಲೆಯ ಸುದ್ದಿಗೆ ರೆಕ್ಕೆಪುಕ್ಕ ಬಂತು. ಕಾಮಾಲೆಯಲ್ಲ, ತಲೆ ಕೆಟ್ಟಿದೆಯಂತೆ. ತಲೆಯಲ್ಲ, ಮಕ್ಕಳಾಗದ ತೊಂದರೆಯಂತೆ. ಕೊನೆಗೆ ಎಲ್ಲ ಸುದ್ದಿಗಳೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ: ಆ ಶ್ರೀನಿವಾಸಪುರದ ಹುಡುಗಿ ಕಾಲಿಟ್ಟ ಮೇಲೆ.

ನನ್ನ ಅಪ್ಪನದು ಇದಕ್ಕೆ ಪೂರಾ ಉಲ್ಟಾ. ಅವರ ಪಾಲಿಗೆ ಚಲಪತಿ ದೇವರಾಗಿಬಿಟ್ಟ. ನಾನು ಫೋನಿನಲ್ಲಿ "ಸಾಕಾಗಿದೆ ಅಪ್ಪ, ರೈಲಿನಲ್ಲಿ ನಿಂತು ನಿಂತು" ಎಂದರೆ, "ಅಳಿಯಂದ್ರು ಊಟ ಮಾಡಿದ್ರಾ?" ಎಂದು ಕೇಳುತ್ತಿದ್ದರು. "ಅಡುಗೆ ಅವರೇ ಮಾಡಿದ್ದು" ಎಂದರೆ ಆ ಕಡೆಯಿಂದ ದೊಡ್ಡ ನಿಟ್ಟುಸಿರು. "ಅಂಥೋರ ಕಾಲು ತೊಳೆದು ನೀರು ಕುಡೀಬೇಕು ಕಣಮ್ಮ." ಅತ್ತೆಯ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಅಪ್ಪನ ಭಕ್ತಿ ತಡೆಯುವುದು ಕಷ್ಟವಾಗಿತ್ತು. ಒಂದು ಮನೆಯಲ್ಲಿ ನಾನು ಮಾಟಗಾತಿ, ಇನ್ನೊಂದು ಮನೆಯಲ್ಲಿ ಋಣದಲ್ಲಿ ಬಿದ್ದವಳು. ಓದುತ್ತಿರುವ ಹುಡುಗಿ ಎಂದು ಎರಡೂ ಕಡೆ ಯಾರಿಗೂ ನೆನಪಾಗಲಿಲ್ಲ.

ಚಳಿ ಬಂತು. ಅವರೆಕಾಯಿ ಬಂತು. ಸಂಜೆ ಇಬ್ಬರೂ ನೆಲದ ಮೇಲೆ ಕೂತು ಹಿದುಕಿದ ಬೇಳೆಗೆ ಅವರೆಕಾಳು ಹಿದುಕುತ್ತಿದ್ದೆವು, ನಾನು ಕಣ್ಣಿನ ರೋಗಗಳ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ, ಅವನು ತಪ್ಪು ತಿದ್ದುತ್ತಿದ್ದ. ಆ ಸಂಜೆಗಳು ಚೆನ್ನಾಗಿದ್ದವು. ಆದರೆ ಅವನು ಸೊರಗುತ್ತಿದ್ದುದು ನನಗೆ ಕಾಣುತ್ತಿತ್ತು. ಅವನ ಬ್ಯಾಚಿನವರು ಕೊನೆಯ ವರ್ಷದಲ್ಲಿದ್ದರು. ಅವರ ಗ್ರೂಪಿನಲ್ಲಿ ಬರುವ ಆಪರೇಷನ್ ಥಿಯೇಟರಿನ ಫೋಟೋಗಳನ್ನು ನೋಡಿ ಫೋನನ್ನು ಬೋರಲು ಹಾಕಿಡುತ್ತಿದ್ದ. ಟ್ಯುಟೋರಿಯಲ್ಲಿನ ಮಕ್ಕಳೂ ಕೇಳುತ್ತಿದ್ದರಂತೆ, "ಸಾರ್, ನೀವು ಫೇಲಾ?" ಎಂದು.

ಸಂಕ್ರಾಂತಿ ಕಳೆದ ಮೇಲೆ ನನ್ನ ಕಣ್ಣಿನ ವಿಭಾಗದ ಇಂಟರ್ನಲ್ ಪರೀಕ್ಷೆ ಹಾಳಾಯಿತು. ಸಣ್ಣ ಪರೀಕ್ಷೆ, ಮತ್ತೆ ಬರೆಯಬಹುದಾಗಿತ್ತು. ಮನೆಗೆ ಬಂದು ಹೇಳಿದೆ. ಅವನು ಸೊಪ್ಪು ಸೋಸುತ್ತಿದ್ದವನು ತಲೆಯೆತ್ತದೆ ಹೇಳಿದ:

"ನಿಂಗೋಸ್ಕರ ಒಂದು ವರ್ಷ ಬಿಟ್ಟು ಕೂತಿದ್ದೀನಿ. ಇಷ್ಟಾದ್ರೂ ಮಾಡೋಕಾಗಲ್ವಾ?"

ಪ್ರೊಫೆಸರು, ಅತ್ತೆ, ಸೋದರಮಾವ, ಅಪ್ಪ, ಎಲ್ಲರೂ ಸೇರಿ ಅವನ ಬಾಯಲ್ಲಿ ಕೂತು ಮಾತಾಡಿದಂತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಲೆಕ್ಕ ಹೇಳಿದವನು ಎಲ್ಲಿ ಹೋದ? ನಾನು ಕೂಗಾಡಲಿಲ್ಲ. ಬೆಳಿಗ್ಗೆ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಶ್ರೀನಿವಾಸಪುರಕ್ಕೆ ಹೋದೆ.

ಮಾವು ಹೂ ಬಿಟ್ಟಿದ್ದ ಕಾಲ. ಊರಿಗೆ ಊರೇ ಆ ಒಗರು ಸಿಹಿ ವಾಸನೆಯಲ್ಲಿ ಮುಳುಗಿತ್ತು. ಹೂವಿಗೆ ಔಷಧಿ ಹೊಡೆಸುತ್ತಿದ್ದ ಅಪ್ಪ ನನ್ನನ್ನು ಕಂಡು ಪಂಪು ನಿಲ್ಲಿಸಿದರು. ನಡೆದದ್ದನ್ನು ಹೇಳಿದೆ. ಅವರು ಕೇಳಿದ್ದು ಒಂದೇ: "ಅವರು ಹೇಳಿದ್ರಲ್ಲಿ ಸುಳ್ಳೇನಿದೆ?"

"ನನಗೋಸ್ಕರ ಅಲ್ಲ ಅಪ್ಪ. ಇಬ್ಬರಿಗೋಸ್ಕರ ಇಬ್ಬರೂ ಸೇರಿ ಮಾಡಿದ್ದು."

"ಆಯ್ತು ಕಣಮ್ಮ, ಸೇರಿ ಮಾಡಿದ್ದು. ಆದ್ರೆ ಬಿಟ್ಟೋರು ಅವರಲ್ವಾ? ನೀನು ಸ್ವಲ್ಪ ತಗ್ಗಿ ನಡ್ಕೋಬೇಕು."

ಒಂದು ವಾರ ಇದ್ದೆ. ಯಾರೂ ನನ್ನ ಪಾಠದ ಬಗ್ಗೆ ಕೇಳಲಿಲ್ಲ. ಎಲ್ಲರೂ ಅಳಿಯಂದಿರಿಗೆ ಅಡುಗೆ ಯಾರು ಮಾಡುತ್ತಿದ್ದಾರೆ ಎಂದು ಕೇಳಿದರು. ಯಾರು ಮಾಡುತ್ತಾರೆ, ದಿನಾ ಮಾಡುವವನೇ ಮಾಡಿಕೊಳ್ಳುತ್ತಿದ್ದ. ಕೊನೆಗೆ ಇಂಟರ್ನಲ್ಲನ್ನು ಮತ್ತೆ ಬರೆಯಲೆಂದು ಮಾಲೂರಿಗೆ ವಾಪಸಾದೆ. ಅವನು ಬಾಗಿಲು ತೆಗೆದ. ಇಬ್ಬರೂ ಮಾತು ಆಡಿದೆವು, ಆದರೆ ಹಾಲು ತಂದೆಯಾ, ರೈಲು ತಡವಾಯಿತಾ, ಅಷ್ಟೇ. ಹಾಗೆಯೇ ಯುಗಾದಿಯವರೆಗೂ ನಡೆಯಿತು. ಒಟ್ಟಿಗಿರಲೆಂದು ಮಾಡಿದ ವರ್ಷದಲ್ಲಿ ನಾವು ಹಾಸ್ಟೆಲ್ಲಿನಲ್ಲಿದ್ದಾಗಿನದಕ್ಕಿಂತ ದೂರವಾಗಿದ್ದೆವು.

ಯುಗಾದಿಗೆ ಮುಳಬಾಗಿಲಿನ ಊರಿಗೆ ಹೋದೆವು. ಮರುದಿನ ಹೊಸತೊಡಕು. ಅಂಗಳದಲ್ಲಿ ಗಂಡಸರು ಕೂತಿದ್ದರು, ಒಳಗೆ ನಾವು ಮಾಂಸದ ಸಾರಿಗೆ ಮಸಾಲೆ ರುಬ್ಬುತ್ತಿದ್ದೆವು. ನಾವು ಎಂದರೆ ಅತ್ತೆ, ನಾನು ಮತ್ತು ಚಲಪತಿಯ ಅಕ್ಕ ಪದ್ಮಕ್ಕ. ಪದ್ಮಕ್ಕ ಹೆಚ್ಚು ಮಾತಿನವರಲ್ಲ. ಮದುವೆಯಾಗಿ ಎರಡು ಮಕ್ಕಳಾಗಿ, ಈಗ ಮುಳಬಾಗಿಲಿನಲ್ಲೇ ಮನೆ. ಅವರು ಹಿಂದೆ ನರ್ಸಿಂಗ್ ಓದುತ್ತಿದ್ದರು ಎಂದು ನಾನು ಕೇಳಿದ್ದೆ, ಅಷ್ಟೇ. ಆ ಮನೆಯಲ್ಲಿ ಅದರ ಮಾತು ಬರುತ್ತಿರಲಿಲ್ಲ.

ಪಕ್ಕದ ಮನೆಯಾಕೆ ಕೊತ್ತಂಬರಿ ಕೇಳಲು ಬಂದವಳು ಚಲಪತಿಯ ಆರೋಗ್ಯ ವಿಚಾರಿಸಿದಳು. ಅತ್ತೆ, "ಪರವಾಗಿಲ್ಲ, ಕಾಮಾಲೆ ಇಳೀತಾ ಐತೆ" ಎಂದರು. ಆಕೆ ಹೋದ ಮೇಲೆ ಪದ್ಮಕ್ಕ ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟರು.

"ಅಮ್ಮಾ, ನಾನು ನರ್ಸಿಂಗ್ ಬಿಟ್ಟಾಗ ಊರೋರಿಗೆ ಏನು ಕಾಯಿಲೆ ಅಂತ ಹೇಳಿದ್ದೆ?"

ಅತ್ತೆಗೆ ಅರ್ಥವಾಗಲಿಲ್ಲ. "ನಿಂಗೇನು ಕಾಯಿಲೆ? ನಿನ್ನ ಗಂಡಂಗೆ ಬಿಜಾಪುರದ ಕಡೆ ಟ್ರಾನ್ಸ್‌ಫರ್ ಆಯ್ತು. ಗಂಡನ ಜೊತೆ ಹೋದೆ."

"ಇವನೂ ಹೆಂಡ್ತಿ ಜೊತೆ ಇದ್ದಾನೆ. ಇವನಿಗ್ಯಾಕೆ ಕಾಮಾಲೆ?"

"ಅದೂ ಇದೂ ಒಂದೇ ಏನೇ? ನೀನು ಹೆಣ್ಣು."

"ಒಂದೇ ಅಲ್ಲ ಬಿಡು." ಪದ್ಮಕ್ಕನ ಧ್ವನಿ ಏರಲೂ ಇಲ್ಲ. "ಇವನು ಮುಂದಿನ ವರ್ಷ ವಾಪಸ್ ಹೋಗ್ತಾನೆ. ನಾನು ಹೋಗ್ಲಿಲ್ಲ. ಯಾವಾಗ ಹೋಗ್ತೀಯಾ ಅಂತ ನೀನೂ ಕೇಳ್ಲಿಲ್ಲ, ಅವರೂ ಕೇಳ್ಲಿಲ್ಲ. ನಾನು ಫಸ್ಟ್ ಇಯರ್ ಪರೀಕ್ಷೆ ಬರ್ದು ಪಾಸಾಗಿದ್ದೆ ಕಣಮ್ಮ. ಹೋಗುವಾಗ ನಂಗೆ ಮಡಿಲು ತುಂಬಿ ಕಳಿಸಿದ್ರಿ. ಒಬ್ರಾದ್ರೂ ಅಯ್ಯೋ ಅಂದ್ರಾ?"

ಅತ್ತೆ ರುಬ್ಬಿದ ಮಸಾಲೆಯನ್ನು ಪಾತ್ರೆಗೆ ತೋಡುತ್ತಾ ಕೂತರು. ನಾನು ತಿರುಗಿ ನೋಡಿದರೆ ನೀರಿಗೆಂದು ಬಂದಿದ್ದ ಚಲಪತಿ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದ. ಅಂಗಳದಲ್ಲಿ ಪದ್ಮಕ್ಕನ ಗಂಡ, "ಆಯ್ತೇನ್ರೇ ಊಟ?" ಎಂದು ಕೂಗಿದರು. ಪದ್ಮಕ್ಕ ಮತ್ತೆ ಈರುಳ್ಳಿ ಹೆಚ್ಚತೊಡಗಿದರು.

ಮಾಲೂರಿಗೆ ವಾಪಸು ಬರುವ ಬಸ್ಸಿನಲ್ಲಿ ಕೋಲಾರ ದಾಟುವವರೆಗೂ ಅವನು ಕಿಟಕಿಯ ಆಚೆ ನೋಡುತ್ತಿದ್ದ. ಆಮೇಲೆ ಹೇಳಿದ: "ಅವತ್ತು ನಾನು ಹಂಗೆ ಅನ್ನಬಾರದಿತ್ತು."

"ಅನ್ನಬಾರದಿತ್ತು ಅನ್ನೋದು ಬಿಡು. ನಿಜ ಹೇಳು. ನೀನು ಯಾರಿಗೋಸ್ಕರ ನಿಂತೆ?"

"ನಂಗೋಸ್ಕರ. ಒಬ್ಬನೇ ಎಲ್ಲೋ ಹೋಗಿ ಇರೋದು ನಂಗೆ ಬೇಡವಾಗಿತ್ತು. ಎಲ್ಲಾರೂ ನಿಂಗೋಸ್ಕರ, ನಿಂಗೋಸ್ಕರ ಅಂದ್ರು. ಕೇಳೋಕೆ ಚೆನ್ನಾಗಿತ್ತು ಕಣೇ. ನಾನೂ ನಂಬಿಬಿಟ್ಟೆ."

"ಇದನ್ನ ನಿಮ್ಮಮ್ಮನಿಗೆ ಹೇಳ್ತೀಯಾ?"

"ಹೇಳ್ತೀನಿ. ಮಾವನಿಗೂ, ನಿಮ್ಮಪ್ಪನಿಗೂ ಹೇಳ್ತೀನಿ."

ಹೇಳಿದ. ಮುಂದಿನ ವಾರವೇ ಊರಿಗೆ ಹೋಗಿ, ಕಟ್ಟೆಯ ಮೇಲೆ ನಾಲ್ಕು ಜನ ಇರುವಾಗಲೇ, ತನಗೆ ಯಾವ ಕಾಮಾಲೆಯೂ ಬಂದಿಲ್ಲ, ಹೆಂಡತಿಯ ಜೊತೆ ಇರಬೇಕೆಂದು ತನ್ನಿಷ್ಟದಿಂದ ನಿಂತೆ ಎಂದು ಹೇಳಿ ಬಂದ. ಜನ ತಲೆಯಾಡಿಸಿದರಂತೆ. ಕಾಮಾಲೆ ನೆತ್ತಿಗೇರಿದರೆ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದು ಸೋದರಮಾವ ಇನ್ನೊಂದು ಕಟ್ಟು ಸೊಪ್ಪು ಕಳಿಸಿದರು. ಅಪ್ಪನಿಗೂ ಫೋನಿನಲ್ಲಿ ಹೇಳಿದ. ಅವರು ಕೇಳಿಸಿಕೊಂಡು, "ನೋಡಮ್ಮ, ಎಂಥ ದೊಡ್ಡ ಗುಣ, ತಪ್ಪೆಲ್ಲಾ ತನ್ನ ಮೇಲೆ ಹಾಕ್ಕೊಂಡ್ರು" ಎಂದು ನನಗೇ ಹೇಳಿದರು. ನಾನು ಫೋನನ್ನು ಮಂಚದ ಮೇಲೆ ಎಸೆದೆ. ಚಲಪತಿ ನಕ್ಕ. ಎರಡು ತಿಂಗಳ ಮೇಲೆ ನಾವಿಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕದ್ದು ಆಗ.

ನನ್ನ ಮೂರನೆಯ ವರ್ಷ ಪಾಸಾಯಿತು, ಕಣ್ಣಿನ ವಿಷಯವೂ ಸೇರಿ. ಮಾವಿನ ಹಣ್ಣಿನ ಕಾಲದಲ್ಲಿ ಮಾಲೂರಿನ ಮನೆ ಖಾಲಿ ಮಾಡಿದೆವು. ಕೊನೆಯ ವರ್ಷ ಒಟ್ಟಿಗೆ ಓದಿದೆವು, ಇಂಟರ್ನ್‌ಶಿಪ್ಪು ಒಟ್ಟಿಗೆ ಮಾಡಿದೆವು. ಈಗ ಅವನು ಮುಳಬಾಗಿಲು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ, ನಾನು ಶ್ರೀನಿವಾಸಪುರ ತಾಲ್ಲೂಕಿನ ಇನ್ನೊಂದರಲ್ಲಿ. ಸಂಜೆಗೆ ಇಬ್ಬರೂ ಒಂದೇ ಮನೆಗೆ ಬರುತ್ತೇವೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಯಾವುದಾದರೂ ಸಮಾರಂಭದಲ್ಲಿ ನಮ್ಮನ್ನು ಪರಿಚಯ ಮಾಡುವವರು "ಹೆಂಡತಿಗಾಗಿ ಒಂದು ವರ್ಷವನ್ನೇ ತ್ಯಾಗ ಮಾಡಿದ ಡಾಕ್ಟರು" ಎನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಚಲಪತಿ ಎದ್ದುನಿಂತು ಅಲ್ಲ ಎಂದು ತಿದ್ದುತ್ತಾನೆ. ಅದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬೀಳುತ್ತದೆ. ನನಗೆ ಮೈ ಉರಿಯುತ್ತದೆ. ಪದ್ಮಕ್ಕನಂಥವರು ಬಿಟ್ಟುಕೊಟ್ಟ ವರ್ಷಗಳಿಗೆ ಯಾವ ವೇದಿಕೆಯಲ್ಲಿ ಯಾರು ಚಪ್ಪಾಳೆ ತಟ್ಟಿದರು?

ಆ ಹೊಸತೊಡಕಿನ ನಂತರ ಪದ್ಮಕ್ಕ ನನಗೆ ಆಗಾಗ ಫೋನ್ ಮಾಡತೊಡಗಿದ್ದರು. ಮೊದಲು ಮಕ್ಕಳ ಕೆಮ್ಮು ಜ್ವರದ ವಿಷಯ. ಆಮೇಲೆ, ಈಗ ನರ್ಸಿಂಗಿನಲ್ಲಿ ಏನೇನು ಪಾಠ ಇದೆ, ವಯಸ್ಸಾದವರನ್ನು ಸೇರಿಸಿಕೊಳ್ಳುತ್ತಾರಾ ಎಂದು. ನಾನು ವಿಚಾರಿಸಿದೆ. ಸೇರಿಸಿಕೊಳ್ಳುತ್ತಾರೆ, ಆದರೆ ಓದಿದ್ದು ಲೆಕ್ಕಕ್ಕಿಲ್ಲ, ಮೊದಲ ವರ್ಷದಿಂದಲೇ ಶುರುಮಾಡಬೇಕು ಎಂದರು. ಅದನ್ನು ಹೇಳಿದ ಮೇಲೆ ಅವರು ಹಲವು ತಿಂಗಳು ಆ ಮಾತೇ ಎತ್ತಲಿಲ್ಲ. ಅವರ ಗಂಡ, "ಈ ವಯಸ್ಸಲ್ಲಿ? ಮಕ್ಕಳ ಡಬ್ಬಿ ಯಾರು ಕಟ್ತಾರೆ?" ಎಂದರೆಂದು ಚಲಪತಿಯಿಂದ ತಿಳಿಯಿತು.

ಈ ವರ್ಷ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿ, "ಮಾನಸಾ, ಇವತ್ತು ಕೋಲಾರಕ್ಕೆ ಬರ್ತೀಯಾ?" ಎಂದರು. ನಾನು ರಜೆ ಹಾಕಿ ಹೋದೆ. ನರ್ಸಿಂಗ್ ಸ್ಕೂಲಿನ ಆಫೀಸಿನಲ್ಲಿ ಸಾಲಿನಲ್ಲಿದ್ದ ಹುಡುಗಿಯರ ನಡುವೆ ಪದ್ಮಕ್ಕ ಒಬ್ಬರೇ ಸೀರೆಯುಟ್ಟವರು. ಸರದಿ ಬಂದಾಗ ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಅವರನ್ನು ನೋಡಿ, ಮಗಳ ಅಡ್ಮಿಷನ್ನಾ ಎಂದು ಕೇಳಿದರು. ನನಗೇ ಎಂದರು ಪದ್ಮಕ್ಕ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು.

"ಯಜಮಾನ್ರನ್ನ ಕೇಳಿದ್ದೀರಾಮ್ಮ? ಒಪ್ಪಿದ್ದಾರಾ?"

"ಕೇಳಿಲ್ಲ ಸಾರ್," ಎಂದರು ಪದ್ಮಕ್ಕ. "ಹೇಳಿದ್ದೀನಿ."

ಗುಮಾಸ್ತರು ಪೆನ್ನು ಕೆಳಗಿಟ್ಟು, ನಾನು ಡಾಕ್ಟರೆಂದು ಗೊತ್ತಿದ್ದರಿಂದ, ಏನು ಮಾಡಲಿ ಎನ್ನುವಂತೆ ನನ್ನ ಮುಖ ನೋಡಿದರು. ನಾನು ಪದ್ಮಕ್ಕನ ಕಡೆ ಕೈ ತೋರಿಸಿ, ಅಡ್ಮಿಷನ್ ಅವರದು ಎಂದೆ.